ಗಂಡನ ಫೋನಿಗೆ ರಸೀದಿ

ಕಾಶಿಯಲ್ಲಿ ನೆಲೆಸಿದ ಕನ್ನಡಿಗನಿಗೆ ಊರಿನವರು ಹೇಳುವ ಕೆಲಸ ಎರಡು: ದರ್ಶನ ಮಾಡಿಸುವುದು, ಕೆಟ್ಟ ಮೊಬೈಲು ಸರಿ ಮಾಡಿಸಿಕೊಡುವುದು. ಎರಡನೆಯದಕ್ಕೆ ನಾನು ಚೌಕದ ಹತ್ತಿರದ ದಾಲ್‌ಮಂಡಿ ಗಲ್ಲಿಗೆ ಹೋಗುತ್ತೇನೆ. ಅಲ್ಲಿನ ನನ್ನ ಪರಿಚಯದ ರಿಪೇರಿಯವನಿಗೆ ಒಡೆದ ಡಿಸ್‌ಪ್ಲೇ, ಕೆಟ್ಟ ಚಾರ್ಜಿಂಗ್ ಜಾಕ್ ಲೆಕ್ಕಕ್ಕಿಲ್ಲ. ಅವನು ಹೆದರುವುದು ಎಫ್‌ಆರ್‌ಪಿ ಎಂಬ ಬೀಗಕ್ಕೆ.

2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಬಂದದ್ದು ಇದು. ಸೆಟ್ಟಿಂಗ್ಸ್ ಒಳಗಿಂದ ರೀಸೆಟ್ ಮಾಡಿದರೆ ತೊಂದರೆಯಿಲ್ಲ. ಪ್ಯಾಟರ್ನ್ ಗೊತ್ತಿಲ್ಲವೆಂದು ಹೊರಗಿನ ಬಟನ್ ಒತ್ತಿ ಎಲ್ಲ ಅಳಿಸಿದರೆ, ಫೋನು ಮತ್ತೆ ಎದ್ದಾಗ ಹಳೆಯ ಗೂಗಲ್ ಖಾತೆಯನ್ನೇ ಕೇಳುತ್ತದೆ. ಆ ಖಾತೆಯ ಗುರುತು ರೀಸೆಟ್ ಮುಟ್ಟದ ಜಾಗದಲ್ಲಿ ಕೂತಿರುತ್ತದೆ. ಕದ್ದವನಿಗೆ ಫೋನು ದಕ್ಕಬಾರದು ಎಂಬುದು ಉದ್ದೇಶ. ಒಳ್ಳೆಯದೇ.

ಆದರೆ ಕಳೆದ ಚಳಿಗಾಲ ದಾವಣಗೆರೆ ಕಡೆಯ ಅಜ್ಜಿಯೊಬ್ಬರು ತಂದದ್ದು ತೀರಿಹೋದ ಯಜಮಾನರ ಫೋನು. ಪ್ಯಾಟರ್ನ್ ತಿಳಿಯದೆ ಮೊಮ್ಮಗ ರೀಸೆಟ್ ಮಾಡಿದ್ದ. ಜಿಮೇಲ್ ಮಾಡಿಕೊಟ್ಟವನು ಫೋನು ಮಾರಿದ ಅಂಗಡಿಯ ಹುಡುಗ. ಪಾಸ್‌ವರ್ಡ್ ಯಜಮಾನರಿಗೂ ಗೊತ್ತಿರಲಿಲ್ಲವಂತೆ.

ರಿಪೇರಿಯವನು *#06# ಒತ್ತಿ ಐಎಂಇಐ ಸಂಖ್ಯೆ ತೆಗೆದ. ಕೆವೈಎಂ ಎಂದು ಬರೆದು, ಮುಂದೆ ಆ ಸಂಖ್ಯೆ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದ. ಕಳವಿನ ಪಟ್ಟಿಯಲ್ಲಿರಲಿಲ್ಲ. ಆದರೂ ಬಿಲ್ ಕೇಳಿದ.

"ಕದ್ದವನೂ ತೀರಿಹೋದ ಅಪ್ಪನ ಫೋನು ಅಂತಲೇ ಹೇಳ್ತಾನೆ ಭೈಯಾ. ನಾಳೆ ಪೊಲೀಸರು ಬಂದರೆ ಮಾತಾಜಿ ಊರಲ್ಲಿರ್ತಾರೆ, ಸಿಕ್ಕಿಬೀಳೋದು ನಾನು."

ಕನ್ನಡದಲ್ಲಿ ತಿಳಿಸಿದೆ. ಅಜ್ಜಿ ನನ್ನನ್ನೇ ಕೇಳಿದರು: "ಗಂಡನ ಫೋನಿಗೆ ರಸೀದಿ ತೋರಿಸ್ಬೇಕೇನಪ್ಪಾ?"

ಏನೂ ಕೇಳದೆ ಬೀಗ ಬಿಡಿಸಿಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಎಲ್ಲಿಂದಲೋ ಇಳಿಸಿಕೊಂಡ ಸಾಫ್ಟ್‌ವೇರು ಅವರ ಬಂಡವಾಳ. 2024ರ ಆಂಡ್ರಾಯ್ಡ್ 15ರಿಂದ ಗೂಗಲ್ ಅಂಥ ಕಳ್ಳದಾರಿಗಳನ್ನು ಇನ್ನಷ್ಟು ಬಿಗಿ ಮಾಡಿದೆ. ಆದರೂ ಬಿಲ್ ಕೇಳುವವನ ಅಂಗಡಿಯಿಂದ ಎದ್ದ ಗಿರಾಕಿ ಹೋಗುವುದು ಕೇಳದವನ ಹತ್ತಿರಕ್ಕೇ. ನ್ಯಾಯವಾಗಿ ದುಡಿಯುವವನಿಗೆ ಇದೊಂದು ದಂಡ ಅಂತಲೇ ನನಗನ್ನಿಸುತ್ತದೆ.

ಬಿಲ್ ಸಿಕ್ಕರೆ ಊರಿನ ಕಂಪನಿ ಸರ್ವಿಸ್ ಸೆಂಟರಿಗೆ ಕೊಡಿ ಎಂದು ಚೀಟಿ ಬರೆದುಕೊಟ್ಟ; ದುಡ್ಡು ತೆಗೆದುಕೊಳ್ಳಲಿಲ್ಲ. ಅಜ್ಜಿ ಫೋನನ್ನು ಗಂಗಾಜಲದ ಕ್ಯಾನಿನ ಪಕ್ಕ ಚೀಲದಲ್ಲಿಟ್ಟುಕೊಂಡರು.

ಆ ರಾತ್ರಿ ಊರಿಗೆ ಫೋನು ಮಾಡಿ, ಅಮ್ಮನ ಜಿಮೇಲ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಎಂದು ತಮ್ಮನನ್ನು ಕೇಳಿದೆ.

"ಅಂಗಡಿಯವನ ಹತ್ರ ಇರಬೇಕು ಕಣೋ," ಎಂದ.