ಕುಪ್ಪಿಯ ಮಾತು, ಪುಸ್ತಕದ ಲೆಕ್ಕ

ಬ್ಯಾಂಕಿನ ಗುಮಾಸ್ತನಿಗೆ ಒಂದು ರೋಗವಿದೆ. ಎರಡು ಕಡೆಯ ಲೆಕ್ಕ ತಾಳೆಯಾಗದಿದ್ದರೆ ಅವನಿಗೆ ರಾತ್ರಿ ನಿದ್ದೆ ಬಾರದು. ನನ್ನ ಸಣ್ಣ ಕಾರಿಗೂ ನಾನೊಂದು ಪುಸ್ತಕವಿಟ್ಟಿದ್ದೇನೆ. 2016ರಲ್ಲಿ ಕೊಂಡಂದಿನಿಂದ ಹಾಕಿಸಿದ ಪೆಟ್ರೋಲು, ಓಡಿದ ಕಿಲೋಮೀಟರು ಎಲ್ಲ ಅದರಲ್ಲಿದೆ. ಹೆಚ್ಚಿನ ಪುಟಗಳು ಅಮ್ಮನನ್ನು ಹೃದಯದ ತಪಾಸಣೆಗಾಗಿ ಕಾಸರಗೋಡಿನಿಂದ ಮಂಗಳೂರಿಗೆ ಕರೆದೊಯ್ದವು. ಹೋಗಿ ಬರಲು ಸುಮಾರು ನೂರು ಕಿಲೋಮೀಟರು. ನಮ್ಮ ಡಾಕ್ಟರು, ನೆಂಟರು ಆಚೆ. ಮನೆ, ರೇಶನ್ ಕಾರ್ಡು ಈಚೆ. ನಮ್ಮಂಥವರ ಬದುಕೇ ಹಾಗೆ.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿತು. ಪುಸ್ತಕದ ಪುಟಗಳೂ ಖಾಲಿಯಾದವು. ಅಮ್ಮನ ತಪಾಸಣೆ ತಪ್ಪಿತು. ಕಾರು ಒಂದು ಮಳೆಗಾಲವಿಡೀ ತಗಡಿನ ಮಾಡಿನಡಿ ನಿಂತಿತು. ಮತ್ತೆ ರಸ್ತೆಗಿಳಿದಾಗ ಲೀಟರಿಗೆ ಹದಿನೇಳೂವರೆ ಓಡುತ್ತಿದ್ದದ್ದು ಹದಿನಾರಕ್ಕೆ ಇಳಿದಿತ್ತು. ಸ್ಟಿಯರಿಂಗಿನ ಎದುರಿನ ಪರದೆಯಂತೂ 15.2 ಎಂದು ತೋರಿಸುತ್ತಿತ್ತು.

"ಸಾರೇ, ನಿಂತ ಪೆಟ್ರೋಲು ಅಂಟಾಗಿ ಇಂಜೆಕ್ಟರಿನ ತೂತಿಗೆ ಕಟ್ಟಿಕೊಳ್ಳುತ್ತದೆ. ಈ ಒಂದು ಕುಪ್ಪಿ ಟ್ಯಾಂಕಿಗೆ ಹೊಯ್ಯಿರಿ" ಎಂದ ಗ್ಯಾರೇಜಿನವ. ಕುಪ್ಪಿ ಎಂದರೆ ಮಲೆಯಾಳದಲ್ಲೂ ನಮ್ಮಲ್ಲೂ ಒಂದೇ. ನಂಬಿಕೆಗೂ ಅನುವಾದ ಬೇಕಾಗಲಿಲ್ಲ. ಹೊಯ್ದೆ. ಆ ಟ್ಯಾಂಕು ಮುಗಿಯುವಷ್ಟರಲ್ಲಿ ಪರದೆಯಲ್ಲಿ 16.2 ಬಂತು! ಮರುದಿನ ಬ್ಯಾಂಕಿನಲ್ಲಿ ಎಲ್ಲರಿಗೂ ಹೇಳಿದೆ. ಮೂವರು ಕೊಂಡರು. ಅವರಲ್ಲೊಬ್ಬ, ಹಳೆಯ ಕಾರನ್ನು ಸಾಲ ಮಾಡಿ ಕೊಂಡಿದ್ದ ನಮ್ಮ ಜವಾನ.

ಪುಸ್ತಕ ಬರೆಯುವಾಗ ಮಾತ್ರ ಎದೆ ಧಸಕ್ಕೆಂದಿತು. ನನ್ನ ಕ್ರಮ ಹಳೆಯದು: ಟ್ಯಾಂಕು ತುಂಬಿಸಬೇಕು, ಓಡಿಸಬೇಕು, ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ ಭಾಗಿಸಬೇಕು. ಒಂದು ಟ್ಯಾಂಕಿನ ಲೆಕ್ಕವನ್ನು ನಂಬಬಾರದು, ಮೂರನ್ನಾದರೂ ಕೂಡಿಸಬೇಕು. ಕುಪ್ಪಿಗೆ ಮೊದಲು 90 ಲೀಟರಿಗೆ 1,440 ಕಿಲೋಮೀಟರು, ಅಂದರೆ 16. ಕುಪ್ಪಿಯ ಬಳಿಕ ಅಷ್ಟೇ ಪೆಟ್ರೋಲಿಗೆ 1,449, ಅಂದರೆ 16.1. ಪರದೆ ಒಂದು ಕಿಲೋಮೀಟರು ಏರಿಸಿತು. ಪುಸ್ತಕದಲ್ಲಿ ಏರಿದ್ದು ನೂರು ಮೀಟರು.

ಕಾರಣ ತಿಳಿಯಲು ಕೆಲವು ದಿನ ಬೇಕಾಯಿತು. ಇಂಥ ಪರದೆ ಪೆಟ್ರೋಲನ್ನು ಅಳೆಯುವುದಿಲ್ಲ; ಇಂಜೆಕ್ಟರು ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಅಂದಾಜು ಮಾಡುತ್ತದೆ. ತೂತಿನಲ್ಲಿ ಕೊಳೆ ಕಟ್ಟಿದರೆ ಪೆಟ್ರೋಲು ಕಡಿಮೆ ಬೀಳುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕದಿಂದ ಅದನ್ನರಿತ ಇಂಜಿನಿನ ಕಂಪ್ಯೂಟರು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಬೀಳುವ ಪೆಟ್ರೋಲು ಮೊದಲಿನಷ್ಟೇ. ಆದರೆ ಹೊತ್ತು ಹೆಚ್ಚಾದ್ದರಿಂದ ಪರದೆ ಖರ್ಚು ಹೆಚ್ಚೆಂದು ಬರೆಯುತ್ತದೆ. ಕುಪ್ಪಿ ಕೊಳೆಯನ್ನು ತೆಗೆದದ್ದು ನಿಜ. ಆದರೆ ಅದು ಸರಿಪಡಿಸಿದ್ದು ಮುಖ್ಯವಾಗಿ ಪರದೆಯ ಅಂಕಿಯನ್ನು, ಪೆಟ್ರೋಲಿನ ಖರ್ಚನ್ನಲ್ಲ.

ಜವಾನನಿಗೆ ಹಣ ಕೊಡಹೋದೆ. ತೆಗೆದುಕೊಳ್ಳಲಿಲ್ಲ. "ಕುಪ್ಪಿಯಲ್ಲಿ ಬರೆದದ್ದು ನೋಡಿ ನಾನು ಕೊಂಡದ್ದಲ್ಲ ಸಾರ್, ನೀವು ಹೇಳಿದಿರಿ ಎಂದು" ಎಂದ. ಇಪ್ಪತ್ತು ವರ್ಷ ಕೌಂಟರಿನಲ್ಲಿ ಕುಳಿತು ಗಳಿಸಿದ ವಿಶ್ವಾಸದಿಂದ ಆ ದಿನ ಸ್ವಲ್ಪ ಖರ್ಚಾಯಿತು ಎನಿಸಿತು.

ಹಾಗಾದರೆ ಆ ಒಂದೂವರೆ ಕಿಲೋಮೀಟರು ಹೋದದ್ದೆಲ್ಲಿಗೆ? ಅದನ್ನು ಕಂಡುಹಿಡಿದವಳು ಅಮ್ಮ. ಮಂಗಳೂರಿನಿಂದ ಮರಳಿದ ಒಂದು ಸಂಜೆ ಅಂಗಳದಲ್ಲಿ ಇಳಿದವಳು, "ಇದೇನು ಮಗಾ, ಈ ಹಿಂದಿನ ಚಕ್ರದ ಹತ್ತಿರ ಒಲೆಯ ಹಾಗೆ ಕಾವು?" ಎಂದಳು. ಹ್ಯಾಂಡ್‌ಬ್ರೇಕು ಎಳೆದು ಮಳೆಗಾಲವಿಡೀ ನಿಲ್ಲಿಸಿದ್ದೆ. ಕಡಲ ತೀರದ ಗಾಳಿಗೆ ಒಳಗೆ ತುಕ್ಕು ಹಿಡಿದು ಬ್ರೇಕು ಪೂರ್ತಿ ಬಿಡುತ್ತಿರಲಿಲ್ಲ. ಬಿಚ್ಚಿ ತಿಕ್ಕಿ ಸರಿಪಡಿಸಿದ ಮೇಲೆ ಪುಸ್ತಕದಲ್ಲಿ 17.4 ಬಂತು.

ಈಗ ಪಂಪಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು. ಲೀಟರು ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಮೈಲೇಜು ತುಸು ಇಳಿಯುವುದು ಸಹಜ. ಅದನ್ನು ಯಾವ ಕುಪ್ಪಿಯೂ ತುಂಬಿಕೊಡಲಾರದು. ಯಾರಾದರೂ ಕೇಳಿದರೆ ಪುಸ್ತಕ ತೆರೆದು ತೋರಿಸುತ್ತೇನೆ, ಸಲಹೆ ಕೊಡುವುದಿಲ್ಲ.

ಅಮ್ಮನ ತಪಾಸಣೆಗೆ ಇಂದಿಗೂ ತಲಪಾಡಿ ದಾಟುತ್ತೇವೆ. ಮರಳಿದ ಮೇಲೆ ಮೊದಲು ಚಕ್ರದ ಬಳಿ ಕೈಹಿಡಿದು ನೋಡುತ್ತೇನೆ. ಪುಸ್ತಕ ಆಮೇಲೆ.