ಭಿಶಿ ರೊಕ್ಕದ ಮದರ್‌ಬೋರ್ಡ್

ನನ್ನ ಸೂಜಿ-ದಾರದ ಡಬ್ಬಿಯೊಳಗ ಒಂದು ಕರೇ ಪ್ಲಾಸ್ಟಿಕ್ ಮುಚ್ಚಳ ಅದ. ಬೆಂಕಿಪೊಟ್ಟಣದಕಿಂತ ಒಂಚೂರು ದೊಡ್ಡದು, ಅಷ್ಟ. ಹೋದ ವಾರ ಬಾಜೂಮನಿ ವೈನಿ ಸೀರಿಗೆ ಫಾಲ್ ಹಚ್ಚಲಿಕ್ಕೆ ಸೂಜಿ ಬೇಕಂತ ಬಂದವರು ಅದನ್ನ ತಗದು "ಇದೇನ್ರಿ ಕಸಾ, ಒಗದ ಬಿಡ್ಲ್ಯಾ?" ಅಂದ್ರು. ನಾ ಒಗ್ಗರಣಿ ಬಿಟ್ಟು ಓಡಿ ಬಂದು ಅವರ ಕೈಯಾಗಿಂದ ಕಸಗೊಂಡೆ. "ಕಸಾ ಅಲ್ರೀ ವೈನಿ, ಅದು ಮೂರು ವರ್ಷದ ವಾರಂಟಿ!" ಅಂದೆ. ಅವರು ನನ್ನ ಮುಖಾ ನೋಡ್ಕೋತ ನಿಂತ್ರು. ಒಗ್ಗರಣಿ ಸೀದ ಹೋತು, ಅದು ಬ್ಯಾರೆ ಮಾತು.

ಅವತ್ತ ವೈನಿಗೆ ಹೇಳಿದ್ದನ್ನ ಇಲ್ಲೆ ಬರೀಲಿಕತ್ತೀನಿ. ಯಾಕಂದ್ರ ನಿಮ್ಮ ಮನ್ಯಾಗೂ ಯಾರರ ಒಬ್ಬರು "ಗೇಮಿಂಗ್ ಕಂಪ್ಯೂಟರ್ ಬೇಕು" ಅಂತ ಗಂಟು ಬಿದ್ದೇ ಇರ್ತಾರ.

ನಮ್ಮ ಮನ್ಯಾಗ ಇದು ಶುರುವಾಗಿದ್ದು 2024 ರ ಮೇ ತಿಂಗಳದಾಗ. ಸಣ್ಣಾಂವಂದು ಪಿಯುಸಿ ಮುಗದಿತ್ತು. ಮಾರ್ಕ್ಸು ಅಂವಾ ಅಂದ್ಕೊಂಡಷ್ಟು ಬಂದಿರಲಿಲ್ಲ, ಅವರಪ್ಪ ಅಂದ್ಕೊಂಡಷ್ಟಂತೂ ಬಂದೇ ಇರಲಿಲ್ಲ. ಆ ವರ್ಷ ಪೂರ್ತಿ ಅಂವಾ ಖೋಲಿ ಬಾಗಲಾ ಹಾಕ್ಕೊಂಡೇ ಇರ್ತಿದ್ದಾ. ನಂದೂ ಅವಂದೂ ಮಾತು ಅಂದ್ರ "ಊಟಕ್ಕ ಬಾ", "ಹೂಂ". ಹಂಗಿರೂಮುಂದ ಒಂದಿನ ಸಂಜಿಮುಂದ ನಾ ಭಕ್ರಿ ಬಡೀಲಿಕತ್ತಾಗ ಅಡಗಿ ಮನಿ ಬಾಗಲಕ್ಕ ಬಂದು ನಿಂತಾ. "ಅಮ್ಮಾ, ಇಂಜಿನಿಯರಿಂಗ್‌ಗೆ ಹೆಂಗೂ ಕಂಪ್ಯೂಟರ್ ಬೇಕಾಗ್ತದ. ತೊಗೊಳ್ಳೋದಾದ್ರ ಗೇಮ್ ಆಡ್ಲಿಕ್ಕೆ ಬರೂವಂಥಾದ್ದು ತೊಗೊಳ್ಳೂಣು" ಅಂದಾ. ಅಪ್ಪಂಗ ಮೊದಲ ಕೇಳಿದ್ನಂತ. "ಆಟಾ ಆಡ್ಲಿಕ್ಕೆ ನನ್ನ ಕಡೆ ರೊಕ್ಕಿಲ್ಲ" ಅಂತ ಪೇಪರ್ ತಿರುವಿದ್ರಂತ.

ನನ್ನ ಕಡೆ ರೊಕ್ಕ ಇತ್ತು. ಇಪ್ಪತ್ತು ಮಂದಿ ಭಿಶಿ, ತಿಂಗಳಿಗೆ 3000, ಆ ಜೂನಿಗೆ ನಂದು ಪಾಳಿ. 60 ಸಾವಿರ. ಅಡಗಿ ಮನಿ ಕಟ್ಟಿ ಕಡಪಾ ಕಲ್ಲು ತಗಸಿ ಗ್ರಾನೈಟ್ ಹಾಕಸಬೇಕಂತ ಎರಡು ವರ್ಷದಿಂದ ಕನಸು ಕಂಡಿದ್ದೆ. ರಾತ್ರಿ ನಿದ್ದಿ ಬರಲಿಲ್ಲ. ಮುಂಜಾನೆ ಎದ್ದು ಅವಂಗ ಹೇಳಿದೆ: "ರೊಕ್ಕ ಕೊಡ್ತೀನಿ. ಆದ್ರ ಯಾವ ಸಾಮಾನು ಯಾಕ ಅಂತ ನಂಗ ತಿಳೀಬೇಕು. ನಂಗ ತಿಳೀಲಿಲ್ಲಂದ್ರ ಒಂದ ರೂಪಾಯಿ ಸಿಗೂದಿಲ್ಲ."

ಮೊದಲ ಇಲ್ಲೇ ಹುಬ್ಬಳ್ಳಿಯೊಳಗ ಒಂದು ಅಂಗಡಿಗೆ ಹೋದ್ವಿ. ಆ ಹುಡುಗ ನನಗ "ಅಕ್ಕಾರ, ನೀವು ಕೂಡ್ರಿ" ಅಂತ ಸ್ಟೂಲ್ ಕೊಟ್ಟು, ಪೂರಾ ಮಾತು ನಮ್ಮ ಸಣ್ಣಾಂವನ ಕಡೆನ ಆಡಿದಾ. "ಐ7 ಅದ, 16 ಜಿಬಿ ಅದ, ಬರೇ 22 ಸಾವಿರ." ನಂಗ ಖುಷಿ ಆತು, 38 ಸಾವಿರ ಉಳೀತಲ್ಲ! ನಮ್ಮ ಸಣ್ಣಾಂವ ಹೊರಗ ಬಂದು ನಕ್ಕಾ. "ಅಮ್ಮಾ, ಅದು ಐ7-3770. 2012 ರದ್ದು" ಅಂದಾ.

ಇದೊಂದು ನೀವೆಲ್ಲಾ ನೆನಪಿಟ್ಕೊಳ್ರಿ. ಐ5, ಐ7 ಅನ್ನೋದು ಬರೇ ಮನೆತನದ ಹೆಸರು ಇದ್ದಂಗ. ವಯಸ್ಸು ಮುಂದಿನ ನಂಬರಿನಾಗ ಇರ್ತದ. 3770 ಅಂದ್ರ 3ನೇ ಪೀಳಿಗಿ, 12400 ಅಂದ್ರ 12ನೇದು. 2022 ರಾಗ ಬಂದ ಸಣ್ಣ ಐ3-12100 ಕ್ಕೂ ನಾಕ ಕೋರ್, ಆ ಹಳೇ ಐ7 ಕ್ಕೂ ನಾಕ ಕೋರ್, ಆದ್ರ ಓಟದಾಗ ಐ3 ನ ಮುಂದ. ಮ್ಯಾಲೆ ಇಂಟೆಲ್‌ದು 8ನೇ ಪೀಳಿಗಿಕಿಂತ ಹಳೇದಿದ್ರ ವಿಂಡೋಸ್ 11 ಕ್ಕ ಮೈಕ್ರೋಸಾಫ್ಟ್ ಕಂಪನಿ ಒಪ್ಪಿಗಿನೇ ಇಲ್ಲ. ಹಳೇ ಸಾಮಾನಿಗೆ ಹೊಸಾ ಡಬ್ಬಿ ಹಾಕಿ, ಬಣ್ಣಬಣ್ಣದ ದೀಪ ಹಚ್ಚಿ ಇಟ್ಟಿರ್ತಾರ. ಸಂತಿಯೊಳಗ ಬದನಿಕಾಯಿಗೆ ನೀರು ಹೊಡದು ಇಟ್ಟಿರ್ತಾರಲ್ಲ, ಹಂಗ.

ಅವತ್ತಿನಿಂದ ದಿನಾ ರಾತ್ರಿ ಊಟ ಆದ ಮ್ಯಾಲೆ ಇಬ್ರೂ 200 ಪೇಜಿನ ನೋಟ್‌ಬುಕ್ ಹಿಡಕೊಂಡು ಕೂಡ್ಲಿಕ್ಕೆ ಶುರು ಮಾಡಿದ್ವಿ. ಅಂವಾ ಇಂಗ್ಲಿಷಿನಾಗ ಹೇಳ್ತಿದ್ದಾ, ನಾ ಅಡಗಿ ಮನಿಗೆ ತರ್ತಿದ್ದೆ. ಪ್ರೊಸೆಸರ್ ಅಂದ್ರ ಅಡಗಿ ಮಾಡಾಕಿ. ಕೋರ್ ಅಂದ್ರ ಆಕಿ ಕೈ. ರ್‍ಯಾಮ್ ಅಂದ್ರ ಮುಂದಿನ ಕಟ್ಟಿ, ಎಸ್‌ಎಸ್‌ಡಿ ಅಂದ್ರ ಉಗ್ರಾಣ. ಮದರ್‌ಬೋರ್ಡ್ ಅಂದ್ರ ಅಡಗಿ ಮನೀನ, ನೀರಿನ ಪೈಪು, ಗ್ಯಾಸಿನ ನಳಿ, ಕರೆಂಟು ಎಲ್ಲಾ ಅದರಾಗಿಂದನ ಹಾದು ಹೋಗ್ಬೇಕು. ಮತ್ತ ಗ್ರಾಫಿಕ್ಸ್ ಕಾರ್ಡ್? "ಅದು ಹೋಳಗಿ ಮಾಡ್ಲಿಕ್ಕೆ ಕರಸೋ ಆಚಾರಿ ಅಮ್ಮಾ, ಹಬ್ಬದ ದಿನಾ ಅವಂದ ಕಾರಭಾರ" ಅಂದಾ. ವರ್ಷದ ಮ್ಯಾಲೆ ಮೊದಲನೇ ಸಲ ಇಬ್ರೂ ಕೂಡಿ ನಕ್ಕಿದ್ವಿ.

ಅವನ ಮನಸಿನಾಗ ಇದ್ದ ಪ್ರೊಸೆಸರ್ ಎಎಂಡಿ ಕಂಪನಿದು, ರೈಜೆನ್ 7 7800ಎಕ್ಸ್3ಡಿ. ಎಂಟು ಕೋರ್. ಅದರ ದೊಡ್ಡಸ್ತಿಕಿ ಇರೋದು ಕ್ಯಾಶ್ ಅನ್ನೋದರಾಗ. ಕ್ಯಾಶ್ ಅಂದ್ರ ರೊಕ್ಕ ಅಲ್ರಿ ಮತ್ತ, ಕೈಗೆ ಹತ್ತೂವಂಗ ಇಟ್ಕೊಳ್ಳೋ ಮಸಾಲಿ ಡಬ್ಬಿ. ಸಾದಾ ರೈಜೆನ್ 5 7600 ದಾಗ ಅದು 32 ಎಂಬಿ, ಇದರಾಗ 96. ಆಟದಾಗ ಪದೇ ಪದೇ ಮುಂದಿನ ಕಟ್ಟಿಗೆ ಕೈ ಚಾಚೋದು ಉಳೀತದ. ಛಂದ ಅದ, ಆದ್ರ ಅದೊಂದಕ್ಕ 35 ಸಾವಿರದ ಸುತ್ತಮುತ್ತ. 60 ದಾಗ 35 ಹೋದ್ರ ಉಳಿದದ್ದು ಏನ ತರೋದು? ನಾ ಕೇಳಿದೆ, "ನೀ ಆಡೋ ಆಟಕ್ಕ ಇಷ್ಟು ಬೇಕs?" ಅಂತ. ಸುಮ್ನಾದಾ. ಎರಡು ದಿನಾ ಬಿಟ್ಟು ತಾನs ಬಂದು, "ಆರು ಕೋರ್ ಸಾಕಾಗ್ತದ" ಅಂದಾ.

ಆಮ್ಯಾಲೆ ನೋಟ್‌ಬುಕ್ಕಿನಾಗ ಎರಡು ಪಟ್ಟಿ ಆದ್ವು. ರೇಟು ಆವಾಗಿನವು, ಒಂದಿಷ್ಟು ಹೆಚ್ಚುಕಡಿಮಿ.

ಮೊದಲನೇ ಪಟ್ಟಿ ರೈಜೆನ್ 5 5600 ಹನ್ನೊಂದೂವರಿ ಸಾವಿರ, ಬಿ550 ಬೋರ್ಡ್ 9, ಡಿಡಿಆರ್4 ರ್‍ಯಾಮ್ 3300, ಎಸ್‌ಎಸ್‌ಡಿ, ಪವರ್ ಸಪ್ಲೈ, ಡಬ್ಬಿ ಎಲ್ಲಾ ಕೂಡಿ ಹದಿಮೂರೂವರಿ, ಗ್ರಾಫಿಕ್ಸ್ ಕಾರ್ಡ್ ಇಪ್ಪತ್ತೂವರಿ. ಒಟ್ಟು 57,800. ಮಾನಿಟರಿಗೆ ಮನಿ ಟಿವಿನ ಆಗ್ತದ. ತಂದ ದಿನಾನ ಆಟಾ ಚಾಲೂ.

ಎರಡನೇದು ರೈಜೆನ್ 5 7600 ಹದಿನೆಂಟೂವರಿ, ವೈಫೈ ಇದ್ದ ಬಿ650 ಬೋರ್ಡ್ 14, ಡಿಡಿಆರ್5 ರ್‍ಯಾಮ್ 5, ಉಳಿದದ್ದು ಅದ. 51 ಸಾವಿರ. ಗ್ರಾಫಿಕ್ಸ್ ಕಾರ್ಡ್ ಇಲ್ಲ! ಕೈಯಾಗ 9 ಸಾವಿರ, ಅಷ್ಟಕ್ಕ ಹೇಳಿಕೊಳ್ಳೂವಂಥ ಕಾರ್ಡ್ ಬರೂದಿಲ್ಲ. ಈ 7600 ರ ಹೊಟ್ಟಿಯೊಳಗ ಸಣ್ಣದೊಂದು ಗ್ರಾಫಿಕ್ಸ್ ಇರ್ತದ, 5600 ದಾಗ ಅದೂ ಇಲ್ಲ. ಅದರ ಮ್ಯಾಲೆ ಓದು-ಬರಹ ನಡೀತದ, ಪಿಚ್ಚರ್ ನೋಡಬಹುದು, ಆದ್ರ ಅಂವಾ ಆಡಬೇಕು ಅನ್ನೋ ಆಟ ನಡಿಯೂದಿಲ್ಲ.

ಹಂಗಂದ್ರ ಎರಡನೇದು ಯಾಕ ಬೇಕು ಅಂತ ನಾನೂ ಕೇಳಿದೆ. ಉತ್ತರ ಇರೋದು ಬೋರ್ಡಿನ ಮ್ಯಾಲಿನ ಸಾಕೆಟ್‌ನಾಗ, ಪ್ರೊಸೆಸರ್ ಕೂಡೋ ಗುಣಿಯೊಳಗ. ಒಂದು ಗುಣಿಗೆ ಕೂಡೂವಂಥದ್ದು ಇನ್ನೊಂದಕ್ಕ ಕೂಡೂದಿಲ್ಲ. 5600 ಕೂಡೋದು ಎಎಂ4 ಅನ್ನೋ ಗುಣಿಗೆ. ಅದಕ್ಕ ರೈಜೆನ್ 2017 ರಿಂದ ಬಂದಾವ, ಹೊಸಾ ಪೀಳಿಗಿ ಬರೋದು ನಿಂತದ. ಇಂಟೆಲ್‌ದು ಆವಾಗಿನ ಗುಣಿಗೆ 12, 13, 14 ಮೂರು ಪೀಳಿಗಿ ಬಂದು ಅದೂ ಮುಗೀಲಿಕ್ಕೆ ಬಂದಿತ್ತು. ಖರೇನ ಆ ಅಕ್ಟೋಬರಿನಾಗ ಅವರು ಹೊಸಾ ಗುಣಿ ತಂದ್ರು. 7600 ಕೂಡೋದು ಎಎಂ5 ಕ್ಕ. ಅದು 2022 ರ ಸಪ್ಟಂಬರದಾಗ ಬಂದದ್ದು, 2027 ರ ತನಕಾ ಆದ್ರೂ ಇದಕ್ಕ ಹೊಸಾ ಪ್ರೊಸೆಸರ್ ಕೊಡ್ತೀವಂತ ಕಂಪನಿ ಮಾತು ಕೊಟ್ಟದ. ಅಂವಾ ಆಸೆಪಟ್ಟ ಆ 96 ಎಂಬಿದೂ ಇದಕ್ಕs ಕೂಡ್ತದ, ನಾಳೆ ಅಂವಾ ದುಡದು ತಂದ್ರ.

ನಮ್ಮತ್ತಿಯವರು ಅಲ್ಲೇ ಬತ್ತಿ ಹೊಸಕೋತ ಕೂತಿದ್ರು. "ನಾವು ಈ ಮನಿ ಕಟ್ಟೂಮುಂದ ಮಾಡಿ ಮ್ಯಾಲೆ ಕಬ್ಬಿಣ ಬಿಟ್ಟಿದ್ವೆಲ್ಲ, ಹಂಗ" ಅಂದ್ರು. ಅವರು ಕೇಳಿಸ್ಕೊಳ್ಳಿಕತ್ತಾರ ಅಂತನೂ ನಮಗ ಗೊತ್ತಿರಲಿಲ್ಲ.

ಖರೇ ಹೇಳ್ತೀನಿ, ನನ್ನ ಮನಸು ಮೊದಲನೇ ಪಟ್ಟಿ ಕಡೆನ ಇತ್ತು. ರೊಕ್ಕ ಕೊಟ್ಟ ಮ್ಯಾಲೆ ಹುಡುಗನ ಮುಖದಾಗ ನಗಿ ನೋಡಬೇಕಲ್ಲ! ಐದು ವರ್ಷದ ನಂತರದ್ದು ಯಾರಿಗೆ ಬೇಕು? ಮತ್ತ 5600 ಏನ ಕೆಟ್ಟದ್ದಲ್ಲ, ಆಟಕ್ಕ ಅದೂ ಧಾರಾಳ ಸಾಕು. ಇದ್ದಷ್ಟ ರೊಕ್ಕದಾಗ ಒಮ್ಮೆ ತೊಗೊಂಡು ಮುಂದ ಮುಟ್ಟೂದಿಲ್ಲ ಅನ್ನೋವ್ರಿಗೆ ಅದs ಶಾಣ್ಯಾತನ. ನಾ ಏನೂ ಹೇಳಲಿಲ್ಲ. "ನೀನ ನೋಡು" ಅಂದೆ.

ಬೆಂಗಳೂರಿನಾಗ ನಮ್ಮಣ್ಣನ ಮಗಾ ಇದ್ದಾನಲ್ಲ, ಅವನ ತಮ್ಮನ ಮುಂಜಿವಿಗೆ ಜೂನಿನಾಗ ಹೋಗಿದ್ವಿ. ಅಂವಾ 2018 ರಾಗ ಬಿ450 ಬೋರ್ಡ್, ರೈಜೆನ್ 5 2600 ತೊಗೊಂಡಿದ್ನಂತ. ನಾಕು ವರ್ಷ ಬಿಟ್ಟು ಬೋರ್ಡಿನ ಬಯಾಸ್ ಅಪ್‌ಡೇಟ್ ಮಾಡಿ, ಬರೇ ಪ್ರೊಸೆಸರ್ ತಗದು 5600 ಕೂಡಿಸ್ಯಾನ. "ಅತ್ಯಾ, ಬೋರ್ಡು ರ್‍ಯಾಮ್ ಮುಟ್ಟಿಲ್ಲ, ಹಳೇದನ್ನ ಮಾರಿ ಒಂದಿಷ್ಟು ರೊಕ್ಕಾನೂ ಬಂತು" ಅಂದಾ. ನಮ್ಮ ಸಣ್ಣಾಂವ ಅವತ್ತ ರಾತ್ರಿ ನೋಟ್‌ಬುಕ್ಕಿನ ಮೊದಲನೇ ಪಟ್ಟಿ ಮ್ಯಾಲೆ ಗೆರಿ ಎಳದಾ. "ಕಾರ್ಡ್ ದೀಪಾವಳಿಗೆ ನೋಡೂಣಮ್ಮಾ. ನಾ ಕಾಯ್ತೀನಿ" ಅಂದಾ. ಐಸ್‌ಕ್ರೀಮ್ ಸಲುವಾಗಿ ನೆಲಕ್ಕ ಬಿದ್ದು ಹೊಳ್ಳಾಡಿದ ಹುಡುಗ ಇಂವನನ? ನಂಗ ಮಾತs ಹೊರಡಲಿಲ್ಲ.

ಮರುದಿನಾ ಎಸ್.ಪಿ. ರೋಡಿಗೆ ಹೋದ್ವಿ. ಮಾರ್ಕೆಟ್ಟು, ಟೌನ್ ಹಾಲ್ ಹತ್ರ ಬರ್ತದಲ್ಲ, ಅದು. ಗಲ್ಲಿ ತುಂಬ ಕಂಪ್ಯೂಟರ್ ಸಾಮಾನು, ಕಾಲಿಡ್ಲಿಕ್ಕೆ ಜಾಗಾ ಇಲ್ಲ. ಒಬ್ಬಾಂವ 28 ಸಾವಿರದ ಬೋರ್ಡ್ ತೋರಿಸಿ "ಮೇಡಂ, ಇದು ಟಾಪ್" ಅಂದಾ. ಇದರಾಗ ಹೆಚ್ಚಿಗಿ ಏನದ ಅಂತ ನಾನ ಕೇಳಿದೆ. ಎಸ್‌ಎಸ್‌ಡಿ ಜಾಗಾ ಎರಡು ಹೆಚ್ಚು, ಯುಎಸ್‌ಬಿ ಹೆಚ್ಚು, ದೀಪ ಹೆಚ್ಚು. "65 ವ್ಯಾಟಿನ ಪ್ರೊಸೆಸರಿಗೆ ಇಷ್ಟು ಯಾಕಪಾ?" ಅಂದೆ. ಆ ಹುಡುಗ ನನ್ನ ನೋಡಿದಾ, ನಮ್ಮ ಸಣ್ಣಾಂವನ್ನ ನೋಡಿದಾ, ಒಳಗ ಹೋಗಿ ಬಿ650 ತಂದಾ. ನನ್ನ ಮಗಾ ಆ ಕಡೆ ಮುಖಾ ತಿರುವಿ ನಗಲಿಕತ್ತಿದ್ದಾ.

ಇನ್ನೂ ಸೋವಿ ಎ620 ಬೋರ್ಡೂ ಇತ್ತು. ನಾಕು ಸಾವಿರ ಉಳೀತಿತ್ತು. ಆದ್ರ ಅದಕ್ಕ ವೈಫೈ ಇರಲಿಲ್ಲ, ಅವನ ಖೋಲಿ ಮಾಡಿ ಮ್ಯಾಲೆ, ವಯರ್ ಮುಟ್ಟೂದಿಲ್ಲ. ಮುಂದ ದೊಡ್ಡ ಪ್ರೊಸೆಸರ್ ಕೂಡಸೋದಾದ್ರ ಕರೆಂಟು ಹಿಡಿಯೋ ತಾಕತ್ತೂ ಬಿ650 ಕ್ಕ ಹೆಚ್ಚು ಅಂತ ನಮ್ಮಣ್ಣನ ಮಗಾ ಅಂದಾ. ಮುಂದಿನ ಸಲುವಾಗೇ ಇಷ್ಟು ರೊಕ್ಕ ಹಾಕೂಮುಂದ ಅಲ್ಲೇ ಜಿಪುಣತನ ಮಾಡಿದ್ರ ಹೆಂಗ? ಜಿಎಸ್‌ಟಿ ಬಿಲ್ಲು ಬರಿಸಿಕೊಂಡು, ಡಬ್ಬಿ ಸೀಲ್ ನೋಡ್ಕೊಂಡು ತೊಗೊಂಡ್ವಿ. ಬಿಲ್ಲಿಲ್ಲದ್ದು ಸಾವಿರ ಕಡಿಮಿ ಅಂದ್ರೂ ಬ್ಯಾಡ್ರಿ. ಜನಶತಾಬ್ದಿಯೊಳಗ ಹುಬ್ಬಳ್ಳಿ ತನಕಾ ಬೋರ್ಡಿನ ಡಬ್ಬಿ ನನ್ನ ತೊಡಿ ಮ್ಯಾಲೆ.

ಜೋಡಸೋ ದಿನಾ ದೇವರ ಮುಂದ ದೀಪಾ ಹಚ್ಚಿ ಕೂತ್ವಿ. ಈ ಎಎಂ5 ದಾಗ ಮುಳ್ಳು ಇರೋದು ಪ್ರೊಸೆಸರಿಗೆ ಅಲ್ಲ, ಬೋರ್ಡಿನ ಗುಣಿಯೊಳಗ. 1718 ಅವಂತ, ಕೂದಲಷ್ಟ ಸಣ್ಣವು. ಒಂದು ಮಣದ್ರೂ ಬೋರ್ಡು ಹಾಳಾತು ಅಂತs ಹಿಡೀರಿ. ಮೂಲ್ಯಾಗಿನ ತ್ರಿಕೋನದ ಗುರ್ತು ನೋಡಿ ಅಂವಾ ಪ್ರೊಸೆಸರ್ ಹಗರಕ ಇಟ್ಟಾ. ಒತ್ತಲಿಲ್ಲ. ಕೊಂಡಿ ಹಾಕಿದ ಕೂಡ್ಲೆ ಕರೇ ಮುಚ್ಚಳ ತಾನ ಟಕ್ ಅಂತ ಎದ್ದು ಬಂತು. ಬೋರ್ಡು ಏನರ ಕೆಟ್ಟು ವಾಪಸ್ ಕಳಸೂಮುಂದ ಇದನ್ನ ಹಾಕೇ ಕಳಸಬೇಕಂತ, ಇಲ್ಲಾಂದ್ರ ತೊಗೊಳ್ಳೂದಿಲ್ಲಂತ. ಅದಕ್ಕs ಅದು ನನ್ನ ಸೂಜಿ ಡಬ್ಬಿ ಸೇರಿತು.

ಎಲ್ಲಾ ಜೋಡಿಸಿ ಬಟನ್ ಒತ್ತಿದ್ರ ಫ್ಯಾನು ತಿರಗ್ತದ, ಟಿವಿ ಕರ್ರಗ! ಒಂದು ನಿಮಿಷ, ಎರಡು ನಿಮಿಷ, ಏನೂ ಇಲ್ಲ. ಬೋರ್ಡಿನ ಮ್ಯಾಲೆ ಸಣ್ಣದೊಂದು ಹಳದಿ ದೀಪ ಅಷ್ಟ. ಅವನ ಮುಖಾ ನೋಡ್ಲಿಕ್ಕೆ ಆಗಲಿಲ್ಲ. ಮಾರ್ಕ್ಸ್ ಬಂದ ದಿನಾ ಹಿಂಗs ಆಗಿತ್ತು. "ನಾನ ಕೆಡಸಿದೆ ಅಮ್ಮಾ, ನನ್ನ ಕೈಲೆ ಯಾವದೂ ಆಗೂದಿಲ್ಲ" ಅಂತ ಬಂದ್ ಮಾಡ್ಲಿಕ್ಕೆ ಹೋದಾ. ನಾ ಕೈ ಹಿಡದೆ. ಚಸ್ಮಾ ಹಾಕ್ಕೊಂಡು ಬೋರ್ಡಿನ ಜೋಡಿ ಬಂದ ಚೀಟಿ ಓದಿದೆ. ಮೊದಲನೇ ಸಲ ರ್‍ಯಾಮ್ ಹೊಂದಿಸ್ಕೊಳ್ಳಿಕ್ಕೆ ವ್ಯಾಳ್ಯಾ ಹಿಡೀತದ, ನಡುವ ಬಂದ್ ಮಾಡಬ್ಯಾಡ್ರಿ ಅಂತ ಬರದಿದ್ರು. "ಕೂಡು. ಹೊಸಾ ಮನಿಗೆ ಬಂದದ, ಯಾವ ಸಾಮಾನು ಎಲ್ಲೆ ಅಂತ ನೋಡ್ಕೊಳ್ಳಿ" ಅಂದೆ. ಕೂತ್ವಿ. ಅಷ್ಟೊತ್ತಿಗೆ ನಮ್ಮನಿಯವರೂ ಬಾಗಲದಾಗ ಬಂದು ನಿಂತಿದ್ರು, ಪೇಪರ್ ಕೈಯಾಗ ಹಂಗs ಇತ್ತು. ಐದು ನಿಮಿಷದ ಮ್ಯಾಲೆ ಆಗಿರಬೇಕು, ಟಿವಿ ಮ್ಯಾಲೆ ಬೆಳಕು ಬಂತು. ಅವರು ಏನೂ ಅನ್ನಲಿಲ್ಲ. "ಕರೆಂಟ್ ಹೋದ್ರ ಏನ ಮಾಡ್ತೀ?" ಅಂತ ಕೇಳಿ ಹೋದ್ರು. ಮರುದಿನಾ ಸಂಜಿಗೆ ಒಂದು ಯುಪಿಎಸ್ ತಂದು ಇಟ್ರು.

ನಾಕು ತಿಂಗಳು ಅಂವಾ ಓಣ್ಯಾಗಿನ ಇಬ್ಬರು ಎಸ್ಸೆಸ್ಸೆಲ್ಸಿ ಹುಡುಗರಿಗೆ ಗಣಿತ ಹೇಳಿಕೊಟ್ಟಾ, ಎಂಟು ಸಾವಿರ ಆತು. ನಂದು 9 ಇತ್ತು. ಕಡಿಮಿ ಬಿದ್ದ ಮೂರೂವರಿ ಸಾವಿರ ದೀಪಾವಳಿ ನೀರು ತುಂಬೋ ದಿನಾ ನಮ್ಮನಿಯವರು ಕೊಟ್ರು, ನನ್ನ ಕೈಯಾಗ, ಅವನ ಕೈಯಾಗ ಅಲ್ಲ. ನಡುವ ಆಗಸ್ಟಿನಾಗ ಅದs ಗುಣಿಗೆ ಕೂಡೋ 9000 ನಂಬರಿನ ಪ್ರೊಸೆಸರೂ ಬಂದ್ವು. ಅಂವಾ ನನಗ ಬಂದು ಹೇಳಿದಾ, ತೊಗೊಳ್ಳಿಕ್ಕಲ್ಲ, ಬರೇ ಹೇಳ್ಲಿಕ್ಕೆ.

ಕಟ್ಟಿ ಇನ್ನೂ ಕಡಪಾ ಕಲ್ಲಿಂದನ ಅದ. ಈ ವರ್ಷದ ಭಿಶಿ ಹಚ್ಚೇನಿ.

ಇಷ್ಟೆಲ್ಲಾ ಕೇಳಿ ವೈನಿ ಸೂಜಿ ತೊಗೊಂಡು ಎದ್ರು. ಬಾಗಲ ತನಕಾ ಹೋದವರು ಹೊಳ್ಳಿ ಬಂದು, "ನಮ್ಮಾಕೀನೂ ಒಂದು ತಿಂಗಳದಿಂದ ಗಂಟು ಬಿದ್ದಾಳ್ರಿ, ನಾನs 'ಹುಡುಗೀರಿಗೆ ಯಾಕವಾ ಅದು' ಅಂತ ಬೈದೇನಿ. ನಾಳೆ ಕರಕೊಂಡು ಬರ್ಲ್ಯಾ?" ಅಂದ್ರು. ಬರ್ರಿ, ಬರೂಮುಂದ ಒಂದು 200 ಪೇಜಿನ ನೋಟ್‌ಬುಕ್ ತರ್ರಿ ಅಂದೆ.