ಘಾಟಿ ಹತ್ತದ ಸರ್ಟಿಫಿಕೇಟು

ಗೆಳೆಯನ ಮನೆಯ ಹಳೇ ಡೀಸೆಲ್ ಜೀಪು ಹೊಗೆ ಪರೀಕ್ಷೆಯಲ್ಲಿ ಪಾಸಾದ ದಿನ ನಾವು ನಾಲ್ವರೂ ಅದರಲ್ಲೇ ಇದ್ದೆವು. ಎಮಿಶನ್ ಟೆಸ್ಟ್ ಬಗ್ಗೆ ಒಂದು ವರದಿ ಮಾಡುವ ಹುರುಪು ಬೇರೆ. ಸೆಂಟರಿನ ಹುಡುಗ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಸೈಲೆನ್ಸರಿಗೆ ಕೊಳವೆ ತೂರಿಸಿ, ಆಕ್ಸಿಲರೇಟರನ್ನು ನಾಲ್ಕೈದು ಸಲ ಪೂರ್ತಿ ಒತ್ತಿಸಿದ. ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಯಂತ್ರ ಅಳೆಯುತ್ತದೆ. ಹಳೇ ಡೀಸೆಲ್ ಗಾಡಿಗಳಿಗೆ ಮಿತಿ 65 ಹಾರ್ಟ್ರಿಜ್ ಯೂನಿಟ್. ನಮ್ಮದು ಅದರೊಳಗಿತ್ತು. ಚಹಾ ಕುಡಿದು ಚಾರ್ಮಾಡಿ ಘಾಟಿ ಹತ್ತಿದೆವು.

ಮೂರನೇ ತಿರುವಿನಲ್ಲಿ ಗೇರ್ ಇಳಿಸಿ ಒತ್ತಿದ್ದೇ ತಡ, ಹಿಂದೆ ಕಪ್ಪು ಮೋಡ. ಅದರೊಳಗಿಂದ ಒಂದು ಬೈಕು ಹೊರಬಂತು. ಹಿಂದೆ ಕೂತ ತಾಯಿ ಮಗುವಿನ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನಾವು ಯಾರೂ ಮಾತಾಡಲಿಲ್ಲ. ಜೇಬಿನಲ್ಲಿ ಪಾಸ್ ಸರ್ಟಿಫಿಕೇಟು ಬೆಚ್ಚಗಿತ್ತು.

ಆಮೇಲೆ ಓದಿಕೊಂಡೆವು. ನಿಂತ ಗಾಡಿಯ ಎಂಜಿನ್‌ಗೆ ಎಳೆಯಬೇಕಾದ ಭಾರವೇ ಇಲ್ಲ. ಏರಿನಲ್ಲಿ ನಾಲ್ಕು ಜನರನ್ನು ಹೊತ್ತು ಹತ್ತುವಾಗ ಡೀಸೆಲ್ ಹೆಚ್ಚು ಸುರಿಯುತ್ತದೆ, ಗಾಳಿ ಸಾಲುವುದಿಲ್ಲ, ಪೂರ್ತಿ ಉರಿಯದ್ದು ಮಸಿಯಾಗಿ ಹೊರಬೀಳುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಎಂಜಿನ್ ಒಳಗಿನ ವಿಪರೀತ ಶಾಖದಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳನ್ನು ನಮ್ಮೂರ ಹೊಗೆಯಂತ್ರ ಕೇಳುವುದೇ ಇಲ್ಲ.

ಅಮೆರಿಕದಲ್ಲಿ ಈ ಅಂತರವೇ ದೊಡ್ಡ ಹಗರಣ ಬಯಲು ಮಾಡಿತು. ವೆಸ್ಟ್ ವರ್ಜಿನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಳೆಯುವ ಉಪಕರಣವನ್ನೇ ಡೀಸೆಲ್ ಕಾರುಗಳಿಗೆ ಹೇರಿಕೊಂಡು ರಸ್ತೆಗಿಳಿದರು. ಒಂದು ಕಾರನ್ನು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಓಡಿಸಿದರಂತೆ! 2014ರ ಅವರ ವರದಿಯಲ್ಲಿ, ಫೋಕ್ಸ್‌ವ್ಯಾಗನ್ ಜೆಟ್ಟಾ ರಸ್ತೆಯಲ್ಲಿ ಮಿತಿಯ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡು ಉಗುಳುತ್ತಿತ್ತು. ಇದು ಪರೀಕ್ಷೆ ಎಂದು ಗುರುತಿಸಿ ಶುದ್ಧವಾಗಿ ವರ್ತಿಸುವ ಸಾಫ್ಟ್‌ವೇರ್ ಒಳಗಿದ್ದದ್ದು 2015ರ ಸೆಪ್ಟೆಂಬರ್‌ನಲ್ಲಿ ಹೊರಬಿತ್ತು. ನಮ್ಮ ಜೀಪಿಗೆ ಅಷ್ಟು ಬುದ್ಧಿಯಿಲ್ಲ ಬಿಡಿ. ಮೋಸ ಮಾಡದೆಯೇ ಪಾಸಾಗುತ್ತದೆ.

ಭಾರತದಲ್ಲೂ 2023ರ ಏಪ್ರಿಲ್‌ನಿಂದ ಹೊಸ ಮಾದರಿಯ ಕಾರುಗಳು ಓಡುವ ರಸ್ತೆಯಲ್ಲೇ ಅಳತೆಗೆ ಒಡ್ಡಿಕೊಳ್ಳಬೇಕು. ಆದರೆ ಘಾಟಿಯಲ್ಲಿ ಏದುಸಿರು ಬಿಡುವ ಹಳೇ ಗಾಡಿಗಳಿಗೆ ಈಗಲೂ ಅದೇ ನ್ಯೂಟ್ರಲ್ ಪರೀಕ್ಷೆ.

ನಮ್ಮ ವರದಿಯ ಕರಡಿನಲ್ಲಿ ಎಷ್ಟು ಗಾಡಿ ಪಾಸು, ಎಷ್ಟು ಫೇಲು ಅನ್ನುವ ಲೆಕ್ಕವಷ್ಟೇ ಇತ್ತು. ಹರಿದು ಹಾಕಿದೆವು. ಜೀಪನ್ನು ಗ್ಯಾರೇಜಿಗೆ ಒಯ್ದು ಏರ್ ಫಿಲ್ಟರ್ ಬದಲಿಸಿ, ನಾಜಲ್ ಬಿಚ್ಚಿಸಿದೆವು. ಹೊಗೆ ಕಡಿಮೆಯಾಗಿದೆ, ನಿಂತಿಲ್ಲ. ಬಿಲ್ ನೋಡಿದ ಗೆಳೆಯನ ಅಪ್ಪ ಮಾತ್ರ ಇನ್ನೂ ಗೊಣಗುತ್ತಿದ್ದಾರೆ: "ಪಾಸಾದ ಗಾಡಿಗೆ ಎಂತಕ್ಕೆ ದುಡ್ಡು ಹಾಕೂದು ಮಾರಾಯ್ರೇ?"